ಖೇಮಪ್ಪನ ಸಾಕ್ಷಿ

“ಇಳಸ್ರಿ, ಇಳಸ್ರಿ! ತಲಿ ಕಡಿಂದ ಇಳಸ್ರಿ!” ಎಂದು ಪಾಸ್ಟರ್ ಆನಂದ ಹಿಂದಿನಿಂದ ಕೂಗುತ್ತಿದ್ದ. ಮುಂದೆ ಹಿಡಿದವರು ಇಳಿಸಲು ಹೋದರೆ ಪೆಟ್ಟಿಗೆಯ ಮೂಲೆ ನೀರಿನ ಡ್ರಮ್ಮಿಗೆ ಬಡಿಯಿತು. ಎತ್ತಲು ಹೋದರೆ ಮೇಲಿನ ತಗಡಿಗೆ ತಾಗಿತು. ಗೋವೆಯ ಕೊರ್ತಾಲಿಮ್ಮಿನ ಗುಡ್ಡದ ಆ ಚಾಳಿನಲ್ಲಿ ಗಲ್ಲಿ ಇದ್ದದ್ದೇ ಅಷ್ಟು. ಒಬ್ಬರು ಎದುರಿಗೆ ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಮೇಲಿನ ಖೋಲಿಗಳಿಂದ ರಸ್ತೆಗೆ ಇಳಿಯುವಾಗ ನಡುವೆ ಒಂದು ಮೂಲೆ ಬರುತ್ತದೆ. ಗ್ಯಾಸ್ ಸಿಲಿಂಡರು ಅಲ್ಲಿ ತಿರುಗುತ್ತದೆ, ಯಾರದೋ ಮದುವೆಯ ಕಪಾಟನ್ನೂ ಹೇಗೋ ತಿರುಗಿಸಿದ್ದರು. ಖೇಮಪ್ಪನ ಶವಪೆಟ್ಟಿಗೆ ಮಾತ್ರ ತಿರುಗಲಿಲ್ಲ.

ಹಿಡಿದವರು ನಾಲ್ಕೇ ಜನ. ಪಾಸ್ಟರ್, ಸಭೆಯ ಇಬ್ಬರು ಗಂಡಸರು, ಟೆಂಪೊದ ಬಾಳು. ಹಿಂದೆ ಖೇಮಪ್ಪನ ಹೆಂಡತಿ ಸೋನಿಬಾಯಿ, ಅವಳ ತೋಳು ಹಿಡಿದುಕೊಂಡು ಅದೇ ಚಾಳಿನ ಶಿವವ್ವ, ಅವರ ಹಿಂದೆ ಮುದುಕಿ ಜಮುನಾಬಾಯಿ. ಒಂದು ಕಾಲದಲ್ಲಿ ಖೇಮಪ್ಪ ಕೆಮ್ಮಿದರೂ ಅದರ ಅರ್ಥ ಕೇಳಲು ಇಡೀ ಚಾಳು ಬಾಗಿಲಲ್ಲಿ ನಿಲ್ಲುತ್ತಿತ್ತು. ಇವತ್ತು ಅರ್ಧ ಬಾಗಿಲುಗಳು ಮುಚ್ಚಿದ್ದವು.

“ನೆಟ್ಟಗ ನಿಲ್ಲಿಸಿ ತಿರುಗಿಸೂನೇನ್ರಿ?” ಎಂದ ಬಾಳು.

“ಬ್ಯಾಡ!” ಸೋನಿಬಾಯಿ ಚೀರಿದಳು. “ನನ್ನ ಗಂಡನ್ನ ಗೂಟದಂಗ ನಿಲ್ಲಿಸಬ್ಯಾಡ್ರಿ.”

“ಹಂಗಾರ ಈ ಬಾಗಿಲಾ ತಗಸ್ರಿ. ತಲಿ ಕಡಿಂದ ಒಳಗ ತೂರಿಸಿ ಹಿಂದಕ್ಕ ಎಳದ್ರ ಆತು.”

ಬಾಳು ಮೊನ್ನೆಮೊನ್ನೆ ಬೆಳಗಾವಿಯಿಂದ ಬಂದವನು. ಮೂಲೆಯ ಆ ಬಾಗಿಲು ಯಾರದೆಂದು ಅವನಿಗೆ ತಿಳಿಯದು. ಪಾಸ್ಟರ್ ಶಿವವ್ವನ ಮುಖ ನೋಡಿದ. ಶಿವವ್ವ ಸೋನಿಬಾಯಿಯ ತೋಳು ಬಿಟ್ಟು, ಪೆಟ್ಟಿಗೆಯ ಕೆಳಗೆ ಬಗ್ಗಿ ಈಚೆ ಬಂದು ಬಾಗಿಲು ಬಡಿದಳು.

ಹೊಳೆಪ್ಪ ತೆರೆದ. ಬನಿಯನ್ನು, ಲುಂಗಿ. ಒಳಗೆ ಬಾಗಿಲಿಗೆ ಕಿವಿಗೊಟ್ಟೇ ನಿಂತಿದ್ದನೆಂದು ಅವಳಿಗೆ ಅನ್ನಿಸಿತು.

“ಪೆಟ್ಟಿಗಿ ತಿರುಗವಲ್ದು ಅಣ್ಣಾ,” ಎಂದಳು. “ನಿನ್ನ ಮನ್ಯಾಗ ಅರ್ಧ ಹಾಯ್ಸಿ…”

ಹೊಳೆಪ್ಪ ಅವಳ ಹಿಂದಿದ್ದ ಪೆಟ್ಟಿಗೆಯನ್ನು ನೋಡಿದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡಳು ಶಿವವ್ವ. ಅವನು ಒಳಗೆ ತಿರುಗಿ ಸ್ಟೋವನ್ನು ಕಾಲಿನಿಂದ ಮೂಲೆಗೆ ಸರಿಸಿದ, ಹಾಸಿಗೆ ಸುತ್ತಿ ಮೇಲಿಟ್ಟ, ಕೊಡ ಎತ್ತಿಟ್ಟ. “ಬರ್ರಿ,” ಎಂದ.

ಪೆಟ್ಟಿಗೆಯ ತಲೆಯ ಭಾಗ ಆ ಖೋಲಿಯೊಳಗೆ ಹೋಯಿತು. ಎದುರಿನ ಗೋಡೆಯಲ್ಲಿ ಹೊಳೆಪ್ಪನ ಹೆಂಡತಿ ಗೌರವ್ವನ ಫೋಟೊ ಇತ್ತು. ಕೈ ಬದಲಿಸಲೆಂದು ನಾಲ್ವರೂ ಒಂದು ಗಳಿಗೆ ನಿಂತರು. ಆ ಒಂದು ಗಳಿಗೆ ಖೇಮಪ್ಪ ಅರ್ಧ ಹೊಳೆಪ್ಪನ ಮನೆಯೊಳಗೂ ಅರ್ಧ ಗಲ್ಲಿಯಲ್ಲೂ ಇದ್ದ. ಮೂರು ವರ್ಷದಿಂದ ಅವನು ದಾಟದ ಹೊಸ್ತಿಲು ಅದು.

ಪೆಟ್ಟಿಗೆ ಹಿಂದಕ್ಕೆ ಸರಿದು ತಿರುಗಿತು. ಹೊಳೆಪ್ಪ ಮೊಳೆಯ ಮೇಲಿದ್ದ ಅಂಗಿ ತೊಟ್ಟುಕೊಂಡು ಹೊರಬಂದ. ಏದುಸಿರು ಬಿಡುತ್ತಿದ್ದ ಬಾಳುವಿನ ಭುಜ ತಟ್ಟಿ, “ನೀ ಹೋಗಿ ಗಾಡಿ ಚಾಲೂ ಮಾಡು,” ಎಂದು ಅವನ ಜಾಗದಲ್ಲಿ ತಾನು ಹೆಗಲು ಕೊಟ್ಟ.

ಹೊಳೆಪ್ಪ ಬರುತ್ತಾನೆಂದು ಶಿವವ್ವ ಎಣಿಸಿರಲಿಲ್ಲ. ಅವನು ಬರದಿದ್ದರೆ, ತಾನು ಹೇಳಬೇಕಾದದ್ದು ಖೇಮಪ್ಪನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದು ನಿನ್ನೆಯಿಂದ ಅಂದುಕೊಂಡಿದ್ದಳು.

*

ಖೇಮಪ್ಪ ವಿಜಯಪುರದ ಕಡೆಯ ಒಂದು ತಾಂಡಾದವನು. ಹೊಳೆಪ್ಪ ಪಕ್ಕದ ಹಳ್ಳಿಯವನು. ಇಪ್ಪತ್ತೈದು ವರ್ಷದ ಹಿಂದೆ ಇಬ್ಬರೂ ಒಂದೇ ಲಾರಿ ಹತ್ತಿ ಗೋವೆಗೆ ಬಂದು ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟುಕೊಂಡಿದ್ದವರು. ಒಬ್ಬನನ್ನು ಕೆಲಸಕ್ಕೆ ಕರೆದರೆ ಇಬ್ಬರು ಬರುತ್ತಾರೆ ಎಂದು ಮುಕಾದಮರು ನಗುತ್ತಿದ್ದರು.

ಖೇಮಪ್ಪನಿಗೆ ದೇವರ ಗೀಳು ಇರಲಿಲ್ಲ. ತಲೆಶೂಲೆ ಎಂದು ಸೋನಿಬಾಯಿ ಪ್ರಾರ್ಥನೆಯ ಸಭೆಗೆ ಹೋಗಲು ಹತ್ತಿದಾಗ ಅವನು ಸಭೆಯ ಹಾಲ್‌ನ ಹೊರಗೆ ಕಲ್ಲಿನ ಮೇಲೆ ಕೂತು ಅವಳಿಗಾಗಿ ಕಾಯುತ್ತಿದ್ದ. ಹಾಡು ಬಂದರೆ ಕಾಲಿನಲ್ಲಿ ತಾಳ ಹಾಕುತ್ತಿದ್ದ, ಅಷ್ಟೇ.

ಒಂದು ಮಳೆಗಾಲ ಯಾವುದೋ ಕಟ್ಟಡದ ಪಾಯದಲ್ಲಿ ಹನ್ನೆರಡು ಜನ ಅಗೆಯುತ್ತಿದ್ದರು. ಶಿವವ್ವ ಬುಟ್ಟಿ ಹೊರುತ್ತಿದ್ದಳು, ಅವಳ ಮುಂದೆ ಗೌರವ್ವ. ಖೇಮಪ್ಪ ಇದ್ದಕ್ಕಿದ್ದಂತೆ ಗುದ್ದಲಿ ಬಿಸಾಕಿ, “ಮ್ಯಾಲ ಹತ್ರಿ! ಎಲ್ಲಾರೂ ಮ್ಯಾಲ ಹತ್ರಿ!” ಎಂದು ಒದರಿದ. ಮುಕಾದಮ ಬೈದ. ಖೇಮಪ್ಪ ಕೇಳಲಿಲ್ಲ, ಗೌರವ್ವನನ್ನೂ ಶಿವವ್ವನನ್ನೂ ರಟ್ಟೆ ಹಿಡಿದು ಎಳೆದು ಮೇಲೆ ನೂಕಿದ. ಕಡೆಯವನಾಗಿ ಹೊಳೆಪ್ಪ ಮೇಲೆ ಬಂದು ಕಾಲು ಊರಿದ್ದೇ ತಡ, ಒಂದು ಕಡೆಯ ಮಣ್ಣಿನ ದರಿ ಪೂರಾ ಕುಸಿದು ಪಾಯ ಮುಚ್ಚಿಕೊಂಡಿತು. ಒಳಗೆ ಬುಟ್ಟಿಗಳಷ್ಟೇ ಉಳಿದವು, ಮನುಷ್ಯರೆಲ್ಲ ಬಚಾವಾಗಿದ್ದರು.

ಆ ಸಂಜೆಯೇ ಪಾಸ್ಟರ್ ಆನಂದ ಖೇಮಪ್ಪನ ಖೋಲಿಗೆ ಬಂದ. ಧಾರವಾಡದ ಹುಡುಗ, ಮೂವತ್ತು ತುಂಬಿರಲಿಲ್ಲ, ನಂಬಿಕೆಯಿಂದ ಕಣ್ಣು ಹೊಳೆಯುತ್ತಿದ್ದವು. “ದೇವರು ನಿಮಗ ಏನ ತೋರಿಸಿದ ಖೇಮಪ್ಪಣ್ಣ?”

“ಏನೂ ತೋರಿಸಲಿಲ್ರಿ. ಮಣ್ಣು ಬೆವತಿತ್ತು, ವಾಸನಿ ಬ್ಯಾರೆ ಬರಾಕತ್ತಿತ್ತು. ಮಣ್ಣಾಗ ದುಡದವ್ರಿಗೆ ತಿಳೀತೈತಿ.”

“ಹನ್ನೆರಡು ಮಂದಿ ಮಣ್ಣಾಗ ದುಡದವ್ರ ಇದ್ರು. ನಿಮಗೊಬ್ಬರಿಗೇ ಯಾಕ ತಿಳೀತು?”

ಅಲ್ಲಿಗೆ ಖೇಮಪ್ಪನ ನೆಮ್ಮದಿ ಮುಗಿಯಿತು. ಆ ಹನ್ನೆರಡು ಜನರ ಮನೆಯವರೂ ಸಭೆಗೆ ಸೇರಿದರು. ಗಂಡ ಯಾವಾಗ ಬಂದಾನು, ಜ್ವರ ಬಿಟ್ಟೀತೇ ಎಂದು ಜನ ಖೇಮಪ್ಪನನ್ನು ಕೇಳಲು ಬರತೊಡಗಿದರು. ಅವನು ಸುತ್ತು ಹಾಕಿ ಮೇಲಿನ ನಲ್ಲಿಗೆ ನೀರಿಗೆ ಹೋಗುತ್ತಿದ್ದ, ಯಾರದೋ ಛಾವಣಿ ಸರಿ ಮಾಡುವ ನೆವದಲ್ಲಿ ಏಣಿ ಹತ್ತಿ ಕೂತಿರುತ್ತಿದ್ದ. “ನನಗ ಏನೂ ಕಾಣಂಗಿಲ್ರಿ, ನಿಮ್ಮ ಕಾಲಿಗೆ ಬೀಳ್ತೇನಿ” ಎನ್ನುತ್ತಿದ್ದ. ಆದಿತ್ಯವಾರ ಪಾಸ್ಟರ್ ಪ್ರಸಂಗದಲ್ಲಿ ಹೇಳುತ್ತಿದ್ದ: “ಸುಳ್ಳು ಪ್ರವಾದಿ ತಾನ ಮುಂದ ಬರ್ತಾನ. ಖರೇ ಪ್ರವಾದಿ ದೇವರ ಕೈಯಿಂದ ತಪ್ಪಿಸಿಕೊಂಡು ಓಡತಾನ.” ಎಲ್ಲರೂ ಖೇಮಪ್ಪ ಕೂತಿದ್ದ ಕಡೆ ತಿರುಗಿ ನೋಡುತ್ತಿದ್ದರು. ಅಲ್ಲವೆಂದಷ್ಟೂ ಅವನು ಹೌದಾಗುತ್ತ ಹೋದ.

*

ಬಾಳುವಿನ ಟೆಂಪೊ ನದಿಯಾಚೆಯ ಮ್ಹಾಪಸಾದ ಸಂತೆಗೆ ಉಳ್ಳಾಗಡ್ಡಿ ಹೊರುವ ಗಾಡಿ. ತೊಳೆದಿದ್ದರೂ ಸಂದಿಯಲ್ಲಿ ಕೆಂಪು ಸಿಪ್ಪೆ ಅಂಟಿಕೊಂಡಿತ್ತು. ಸಭೆಯವರ ಸ್ಮಶಾನ ಮ್ಹಾಪಸಾದಿಂದ ಇನ್ನೂ ಆಚೆ. ಹಿಂದೆ ಪೆಟ್ಟಿಗೆಯ ಎರಡೂ ಬದಿಗೆ ಜನ ಕೂತರು. ಗಾಡಿ ಇಳಿಜಾರು ಇಳಿದಾಗ ಪೆಟ್ಟಿಗೆ ಜಾರದಂತೆ ಹೊಳೆಪ್ಪ ಬರಿಗಾಲನ್ನು ಅದಕ್ಕೆ ಆನಿಸಿ ಹಿಡಿದಿದ್ದ.

“ಹೆಂಗ ಆತವ್ವಾ ಸೋನೀ?” ಎಂದು ಜಮುನಾಬಾಯಿ ಕೇಳಿದಳು.

“ಮಧ್ಯಾನ್ನ ಕೆಲಸದಿಂದ ಬಂದ್ರು. ಕೈಕಾಲ ತೊಳಕೊಂಡ್ರು. ಎದಿ ಹಿಡದಂಗ ಆಗೇತಿ, ಒಂಚೂರು ಒರಗತೇನಿ ಅಂದ್ರು. ನಾ ಚಾ ಇಟ್ಟೆ.” ಸೋನಿಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಚಾ ಕುದಿಯೂದ್ರಾಗ ಮುಗದಿತ್ತು.”

“ತನ್ನ ಸಾವು ಅವಗ ಮೊದಲ ಕಂಡಿತ್ತೇನು?”

“ಏನೂ ಕಂಡಿದ್ದಿಲ್ಲ ಜಮುನಕ್ಕ. ನಾಳೆ ಕೆಲಸಕ್ಕ ಹಾಕ್ಕೊಳ್ಳಾಕ ಅಂತ ಅಂಗಿ ಒಗದ ಒಣಾ ಹಾಕಿದ್ರು. ಅದನ್ನ ತೊಡಿಸೇವಿ ಈಗ.”

ಗಾಡಿ ಹೊಸ ಸೇತುವೆ ಏರಿತು. ಎತ್ತರದ ಕಂಬಗಳಿಂದ ಇಳಿದ ತಂತಿಗಳು ಒಂದೊಂದಾಗಿ ಹಿಂದೆ ಸರಿದವು. ಕೆಳಗೆ ಜುವಾರಿ ನದಿಯಲ್ಲಿ ಅದಿರಿನ ಒಂದು ಬಾರ್ಜು ನಿಂತಂತೆಯೇ ಚಲಿಸುತ್ತಿತ್ತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಇದನ್ನ ದಾಟಿಸೇ ಒಯ್ಯಬೇಕಾತು ನೋಡು ಅವನ್ನ,” ಎಂದಳು ಜಮುನಾಬಾಯಿ, ಮೆಲ್ಲಗೆ.

“ಬ್ಯಾರೆ ದಾರಿ ಎಲ್ಲೈತಿ?” ಎಂದಳು ಸೋನಿಬಾಯಿ.

ಹೊಳೆಪ್ಪ ತನ್ನ ಕಾಲನ್ನೇ ನೋಡುತ್ತಿದ್ದ. ಶಿವವ್ವ ಕಣ್ಣು ಮುಚ್ಚಿಕೊಂಡಳು.

*

ಶಿವವ್ವನಿಗೆ ಒಬ್ಬಳೇ ಮಗಳಿದ್ದಳು, ಗೀತಾಂಜಲಿ. ಏಳು ವರ್ಷ. ಪಾಯ ಕುಸಿದ ಮರುವರ್ಷ ಗುಡ್ಡದ ಕೆಳಗೆ ಕಂತ್ರಾಟುದಾರನೊಬ್ಬ ಕಟ್ಟಡಕ್ಕೆಂದು ಹೊಂಡ ತೋಡಿಸಿ, ಮಳೆ ಹಿಡಿಯಿತೆಂದು ಬೇಲಿಯನ್ನೂ ಹಾಕದೆ ಬಿಟ್ಟು ಹೋಗಿದ್ದ. ಹೊಂಡ ತುಂಬಿ ಕೆಂಪು ಕೆರೆಯಾಯಿತು. ತಾಯಿ ಕೆಲಸದಿಂದ ಬರುವುದರೊಳಗೆ ಊಟದ ತಾಟು ತೊಳೆದಿಡುತ್ತೇನೆಂದು ಗೀತಾಂಜಲಿ ಅಲ್ಲಿಗೆ ಹೋದಳು.

ಮಣ್ಣು ಮಾಡಿ ಬಂದ ದಿನ ಶಿವವ್ವ ಖೇಮಪ್ಪನ ಬಾಗಿಲಲ್ಲಿ ಕೂತಳು. “ಅಷ್ಟ ದೊಡ್ಡ ದರಿ ಕುಸಿಯೂದು ಕಂಡ್ತು ನಿನಗ. ನನ್ನ ಕೂಸು ಕಾಣಲಿಲ್ಲೇನೋ ಅಣ್ಣಾ?”

ಖೇಮಪ್ಪ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೆಳಗೆ ಕೂತುಬಿಟ್ಟ. ಕಾಣುವುದಿಲ್ಲ ಎಂದು ಸಾವಿರ ಸಲ ಹೇಳಿದವನು ಅವತ್ತು ಅದನ್ನೂ ಹೇಳಲಿಲ್ಲ.

ಶಿವವ್ವನ ಗಂಡ ಡಿಚೋಲಿಯ ಗಣಿಗೆ ಟ್ರಕ್ಕು ಹೊಡೆಯಲು ಹೋದವನು ಮಗಳ ದಿನ ಮುಗಿಸಿಕೊಂಡು ಮತ್ತೆ ಹೋದ, ತಿರುಗಿ ಬರಲಿಲ್ಲ. ಶಿವವ್ವ ಉಣ್ಣುವುದನ್ನು ಬಿಟ್ಟಳು. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ, ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು, ಮೊಣಕಾಲು ಮಟ್ಟ ಆ ಹೊಂಡದಲ್ಲಿ ನಿಂತಿದ್ದಳು. ಹಿಂದೆ ನೀರು ಕಲಕಿದ ಸಪ್ಪಳವಾಯಿತು. ಖೇಮಪ್ಪ ಬಂದು ಅವಳ ಪಕ್ಕದಲ್ಲಿ, ಅವಳಷ್ಟೇ ನೀರಿನಲ್ಲಿ ನಿಂತುಕೊಂಡ. ಮುಟ್ಟಲಿಲ್ಲ, ಎಳೆಯಲಿಲ್ಲ.

“ಊಟ ಆತೇನು ಶಿವವ್ವಾ?”

“ಇನ್ನ ಊಟ ಯಾತಕ್ಕ?”

“ನೀ ಗೀತಾನ್ನ ನೋಡ್ತಿ.”

“ಎಲ್ಲಾರೂ ಹಂಗ ಅಂತಾರ. ಯಾವಾಗ ನೋಡ್ತೇನಿ? ನೀ ಕಂಡಾಂವ ಅದಿ, ಹೇಳು. ಸುಮ್ನ ಹೇಳಬ್ಯಾಡ. ಯಾವಾಗ?”

ಖೇಮಪ್ಪ ಅತ್ತಿತ್ತ ನೋಡಿದ. ಹೊಂಡದ ಆಚೆ, ತೆಂಗಿನ ತಲೆಗಳ ಮೇಲೆ, ನದಿಯಲ್ಲಿ ಹೊಸ ಸೇತುವೆಯ ಕಂಬಗಳು ಅರ್ಧ ಎದ್ದಿದ್ದವು.

“ಆ ಬ್ರಿಜ್ ಮುಗಿಯೂದ್ರಾಗ ಕರ್ತ ಬರ್ತಾನ,” ಎಂದ. “ಮಣ್ಣಾಗ ಮಲಗಿದವ್ರೆಲ್ಲಾ ಏಳ್ತಾರ. ನಿನ್ನ ಕೂಸು ಎದ್ದು ಮೊದಲ ಯಾರನ್ನ ಹುಡುಕ್ತೈತಿ? ನೀನ ಇಲ್ಲಂದ್ರ ಅದರ ಗತಿ ಏನು?”

ಶಿವವ್ವ ಅವನ ಮುಖ ನೋಡಿದಳು. ನೀರಿನಿಂದ ಹೊರಗೆ ಬಂದಳು. ಅವತ್ತು ಸೋನಿಬಾಯಿಯ ಮನೆಯಲ್ಲಿ ಅನ್ನ, ಒಣಮೀನಿನ ಸಾರು ಉಂಡಳು. ಎರಡನೆಯ ಸಲ ನೀಡಿಸಿಕೊಂಡಳು. ಏಳುವಾಗ ಖೇಮಪ್ಪ ಬಾಗಿಲವರೆಗೆ ಬಂದು, “ಇದನ್ನ ಯಾರ ಮುಂದೂ ಅನಬ್ಯಾಡ ಶಿವವ್ವಾ,” ಎಂದ.

ಅವಳು ಆರು ದಿನ ತಡೆದುಕೊಂಡಳು. ಆದಿತ್ಯವಾರ, ಸಾಕ್ಷಿ ಹೇಳುವವರು ಏಳಬಹುದು ಎಂದಾಗ ಎದ್ದು ನಿಂತಳು. ಹೊಂಡದ ಮಾತು ಎತ್ತಲಿಲ್ಲ. “ಖೇಮಪ್ಪಣ್ಣಗ ದರ್ಶನ ಆಗೇತಿ,” ಎಂದಳು. “ಈ ಬ್ರಿಜ್ ಮುಗಿಯೂದ್ರಾಗ ಕಡೀ ದಿನ ಬರ್ತೈತಿ. ನನ್ನ ಮಗಳನ್ನ ನಾ ನೋಡ್ತೇನಿ.”

ಪಾಸ್ಟರ್ ಮೆಲ್ಲಗೆ ಕೇಳಿದ: “ಹೌದೇನು ಖೇಮಪ್ಪಣ್ಣ?”

ಖೇಮಪ್ಪ ಬಾಗಿಲ ಹತ್ತಿರ ಕೂತಿದ್ದ. ಅವನು ಪಾಸ್ಟರನನ್ನು ನೋಡಲಿಲ್ಲ, ಶಿವವ್ವನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೌದೆಂದು ತಲೆ ಆಡಿಸಿದ. ಅವನು ಏನನ್ನು ತೂಗಿ ನೋಡುತ್ತಿದ್ದನೆಂದು ಅವಳಿಗೆ ತಿಳಿಯಲು ವರ್ಷಗಳು ಬೇಕಾದವು.

*

ಆಮೇಲಿನದು ಖೇಮಪ್ಪನ ಕೈಯಲ್ಲಿ ಉಳಿಯಲಿಲ್ಲ. ಸೇತುವೆಗೆ ಒಂದೊಂದು ತುಂಡು ಸೇರಿದಾಗಲೂ ಸಭೆಯಲ್ಲಿ ಹಾಡು ಜೋರಾಗುತ್ತಿತ್ತು. ಮಕ್ಕಳನ್ನು ಶಾಲೆ ಬಿಡಿಸಿದವರಿದ್ದರು. ಗೊತ್ತಾದ ಮದುವೆಯನ್ನು ಮುರಿದವರಿದ್ದರು. ಖೇಮಪ್ಪ ಮನೆಮನೆಗೆ ಹೋಗಿ, “ಸಾಲಿಗೆ ಕಳಸ್ರಿ, ಕರ್ತ ಬಂದ್ರ ಸಾಲಿಗೇ ಬರ್ತಾನ,” ಎಂದು ಹೇಳಿ ಬರುತ್ತಿದ್ದ. ಜನ ಅದನ್ನೂ ಪ್ರವಾದಿಯ ಮಾತಿನಂತೆ ಕೇಳಿ ಅರ್ಥ ಹುಡುಕುತ್ತಿದ್ದರು.

ಗೌರವ್ವನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು ಆ ದಿನಗಳಲ್ಲಿ. ಡಾಕ್ಟರು ಬೇಗ ಆಪರೇಶನ್ ಮಾಡಿಸಿರಿ ಎಂದರು. ಹೊಳೆಪ್ಪ ಹೊರಡಿಸಿದ. ಗೌರವ್ವ ಹೊರಡಲಿಲ್ಲ. “ಇನ್ನೊಂದ್ ವರ್ಷಕ್ಕ ಹೊಸಾ ದೇಹ ಸಿಗ್ತೈತಿ. ಇದನ್ನ ಯಾಕ ಕೊಯ್ಸೂದು?” ಎನ್ನುತ್ತಿದ್ದಳು.

ಒಂದು ದಿನ ಹೊಳೆಪ್ಪ ಕೆಲಸಕ್ಕೆ ಹೋಗಿದ್ದಾಗ ಶಿವವ್ವ ಗೌರವ್ವನ ತಲೆ ಬಾಚುತ್ತಿದ್ದಳು. ಖೇಮಪ್ಪ ಬಂದ. ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತ. “ಗೌರವ್ವಾ, ನಾ ಏನೂ ಕಂಡಿಲ್ಲ. ಅದು ಸುಳ್ಳು. ಯಾಕ ಅಂದೆ ಅನ್ನೂದನ್ನ ಕೇಳಬ್ಯಾಡ, ಆದ್ರ ಸುಳ್ಳು. ದವಾಖಾನಿಗಿ ಹೋಗವ್ವಾ.” ಅವನು ಕೈ ಮುಗಿದ.

ಗೌರವ್ವ ನಕ್ಕಳು. “ಪಾಸ್ಟರು ಹೇಳ್ಯಾರ. ಪ್ರವಾದಿ ಯಾವತ್ತೂ ಒಲ್ಲೆ ಅಂತಾನ.”

“ನಿನ್ನ ಕಾಲ ಹಿಡೀತೇನಿ.”

ಆಗ ಗೌರವ್ವನ ನಗೆ ಆರಿತು. ಅವಳು ಹಿಂದಕ್ಕೆ ತಿರುಗಿ ಶಿವವ್ವನ ಕೈ ಹಿಡಿದಳು. “ನೀ ಹೇಳು ಶಿವವ್ವಾ. ಮೊದಲ ಕೇಳಿದಾಕಿ ನೀ. ಅಂವ ಕಂಡದ್ದು ಖರೇನೋ ಸುಳ್ಳೋ?”

ಶಿವವ್ವನ ಕೈಯಲ್ಲಿ ಬಾಚಣಿಗೆ ಇತ್ತು. ಖೇಮಪ್ಪ ಅವಳನ್ನೇ ನೋಡುತ್ತಿದ್ದ. ಅವಳಿಗೆ ಆ ಮಧ್ಯಾಹ್ನದ ನೀರು, ಅವನು ಅತ್ತಿತ್ತ ಹುಡುಕಿದ ಕಣ್ಣು, ಎಲ್ಲ ನೆನಪಾಯಿತು. ಸುಳ್ಳು ಎಂದರೆ ಗೀತಾಂಜಲಿ ಏಳುವುದಿಲ್ಲ.

“ಖರೇ,” ಎಂದಳು.

ಖೇಮಪ್ಪ ಎದ್ದು ಹೋದ.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಸೇತುವೆ ತೆರೆಯಿತು. ಸಭೆಯವರು ಬೆಳಗಿನಿಂದ ಬಿಳಿ ಬಟ್ಟೆ ತೊಟ್ಟು ಸಭೆಯ ಹಾಲ್‌ನಲ್ಲಿ ಕೂತು ಹಾಡಿದರು. ಹೊತ್ತು ಏರಿತು. ಗುಡ್ಡದ ಕೆಳಗಿನಿಂದ ಹಾರ್ನುಗಳು ಕೇಳಿದವು. ಆಮೇಲೆ ಲಾರಿ, ಬಸ್ಸು, ಸ್ಕೂಟರು ಸಾಲುಸಾಲಾಗಿ ಸೇತುವೆಯ ಮೇಲೆ ಹೋಗುವುದು ಕಿಟಕಿಯಿಂದ ಕಂಡಿತು. ಹಾಡು ಒಬ್ಬೊಬ್ಬರದಾಗಿ ನಿಂತಿತು. ಖೇಮಪ್ಪ ಎದ್ದು ಎಲ್ಲರ ಮುಂದೆ ಮೊಣಕಾಲೂರಿ, “ನಾ ಕಂಡಿದ್ದಿಲ್ಲ. ತಪ್ಪು ನಂದು. ನನ್ನ ಕ್ಷಮಾ ಮಾಡ್ರಿ,” ಎಂದ. ಯಾರೋ ಉಗುಳಿದರು. ಅವನು ಒರೆಸಿಕೊಳ್ಳಲಿಲ್ಲ.

ಎರಡು ತಿಂಗಳಿಗೆ ಗೌರವ್ವ ಸತ್ತಳು.

ಶಿವವ್ವ ಆಗ ಒಮ್ಮೆ ಖೇಮಪ್ಪನ ಹತ್ತಿರ ಹೋಗಿದ್ದಳು. “ಹೊಳೆಪ್ಪಣ್ಣಗ ಎಲ್ಲಾ ಹೇಳ್ತೇನಿ,” ಎಂದಳು.

“ಹೇಳಿ ಏನ ಮಾಡ್ತಿ? ಅವಗ ಈಗ ಯಾರ ಮ್ಯಾಲರ ಸಿಟ್ಟು ಬೇಕು. ನನ್ನ ಮ್ಯಾಲ ಇರ್ಲಿ. ನಿನ್ನ ಮ್ಯಾಲ ಬಂದ್ರ ನೀ ಉಳಿಯಂಗಿಲ್ಲ.” ಹೊರಟವಳನ್ನು ಕರೆದು ಕೇಳಿದ: “ಊಟ ಆತೇನು?”

ಹೊಳೆಪ್ಪನಿಗೆ ಅವಳು ಹೇಳಲಿಲ್ಲ. ಹೇಳುವುದು ಕಷ್ಟವಾಗಿತ್ತು, ಬೇಡವೆನ್ನುವವನೊಬ್ಬನಿದ್ದಾಗ ಸುಮ್ಮನಿರುವುದು ಸುಲಭವಾಗಿತ್ತು.

*

ಸ್ಮಶಾನದ ಮಣ್ಣು ಕಲ್ಲುಗಲ್ಲಾಗಿತ್ತು. ಗುಂಡಿ ತೋಡಿದ್ದವರು ಪಕ್ಕಕ್ಕೆ ಸರಿದು ಬೀಡಿ ಹಚ್ಚಿದರು. ಪೆಟ್ಟಿಗೆ ಇಳಿಯಿತು. ಪಾಸ್ಟರ್ ಚಿಕ್ಕ ಪ್ರಾರ್ಥನೆ ಮಾಡಿದ. ಸೇತುವೆ ತೆರೆದ ಮೇಲೆ ಇವನೇ ಖೇಮಪ್ಪನನ್ನು ಒಂದು ವರ್ಷ ಸಾಕ್ಷಿ ಹೇಳದಂತೆ, ಪ್ರಾರ್ಥನೆ ಮಾಡದಂತೆ ಹಿಂದಿನ ಸಾಲಿಗೆ ಕೂರಿಸಿದ್ದ. ಈಗ ಅವನೇ, “ತೀರಿಹೋದವರ ಬಗ್ಗೆ ಯಾರರ ಸಾಕ್ಷಿ ಹೇಳೂದಿದ್ರ ಹೇಳಬಹುದು,” ಎಂದ. ವಾಡಿಕೆಯ ಮಾತು. ಉತ್ತರಕ್ಕೆ ಕಾಯದೆ ಪುಸ್ತಕ ಮುಚ್ಚಲು ಹೋದ.

“ನಾ ಹೇಳ್ತೇನ್ರಿ,” ಎಂದಳು ಶಿವವ್ವ.

ಅವಳ ಧ್ವನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ಖೇಮಪ್ಪಣ್ಣ ಏನೂ ಕಂಡಿದ್ದಿಲ್ಲ. ನಾ ಗೀತಾ ಬಿದ್ದ ಹೊಂಡದಾಗ ಸಾಯಾಕ ಇಳದಿದ್ದೆ. ಯಾವಾಗ ನೋಡ್ತೇನಿ ನನ್ನ ಮಗಳನ್ನ, ಹೇಳಂದ್ರ ಹೇಳು ಅಂತ ಹಠಾ ಹಿಡದೆ. ಅಂವಗ ಬ್ರಿಜ್ ಕಂಡ್ತು, ಅಂದ. ನನ್ನ ದಂಡಿಗಿ ತರಾಕ ಅಂದ. ಯಾರಿಗೂ ಹೇಳಬ್ಯಾಡ ಅಂದಿದ್ದ, ನಾ ಹೇಳಿದೆ. ಸಭಾದಾಗ ಇಲ್ಲ ಅಂದಿದ್ರ ನಾ ಅವತ್ತ ಹೋಗಿ ಮತ್ತ ಇಳೀತಿದ್ದೆ. ಅದಕ್ಕ ಹೌದಂದ.”

ಸೋನಿಬಾಯಿ ಗುಂಡಿಯೊಳಗೆ ನೋಡಿದಳು. “ನನ್ನ ಮುಂದೂ ಅನಲಿಲ್ಲಲ್ಲ,” ಎಂದಳು, ಅಲ್ಲಿ ಮಲಗಿದವನಿಗೆ.

ಶಿವವ್ವ ಅಲ್ಲಿಗೇ ನಿಲ್ಲಿಸಬಹುದಿತ್ತು. ಹೊಳೆಪ್ಪ ಸಲಿಕೆ ಹಿಡಿದು ಗುಂಡಿಯ ಆಚೆ ನಿಂತಿದ್ದ. ಅವಳು ಸುತ್ತಿ ಹೋಗಿ ಅವನ ಮುಂದೆ ನಿಂತಳು.

“ಗೌರವ್ವಗ ಅಂವ ಹೇಳಿದ್ದ ಅಣ್ಣಾ. ಸುಳ್ಳು, ದವಾಖಾನಿಗಿ ಹೋಗು ಅಂತ ಕೈ ಮುಗದು ಹೇಳಿದ್ದ. ಆಕಿ ನಂಬಲಿಲ್ಲ. ನನ್ನ ಕೇಳಿದ್ಳು, ಖರೇನೋ ಸುಳ್ಳೋ ಅಂತ.”

“ನೀ ಏನಂದಿ?”

“ಖರೇ ಅಂದೆ.”

ಮಣ್ಣಿನ ಒಂದು ಹೆಂಟೆ ತಾನಾಗಿ ಉರುಳಿ ಪೆಟ್ಟಿಗೆಯ ಮೇಲೆ ಬಿತ್ತು. ಶಿವವ್ವ ಹೊಡೆತಕ್ಕಾಗಿ ಕಾದಳು. ಬಿದ್ದರೆ ಒಳ್ಳೆಯದಿತ್ತು.

“ಆಕಿ ಹೋದಮ್ಯಾಲರ ಹೇಳಬೇಕಿತ್ತು,” ಎಂದ ಹೊಳೆಪ್ಪ. ಅವನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಅವಳಿಗೆ ತಾಳದಾಯಿತು. “ಆಕಿ ಹೆಂಗೂ ಬರತಿದ್ದಿಲ್ಲ. ಇಂವಾ ಇದ್ನಲ್ಲ. ಮೂರು ವರ್ಷ ಗಲ್ಲಿಯಾಗ ಎದುರಿಗೆ ಬಂದ್ರ ಗ್ವಾಡಿ ಕಡೆ ಮುಖ ಮಾಡಿ ನಿಂತೇನಿ, ಇಂವಾ ದಾಟಿ ಹೋಗೂಮಟ. ದಿನಾ ಶಿವವ್ವಾ. ದಿನಾ ಎರಡು ಸಲ.”

ಅವಳು ಗುಂಡಿಯ ಅಂಚಿನಲ್ಲೇ ನಿಂತಿದ್ದಳು.

“ಬಾಜೂಕ ಸರಿ,” ಎಂದ ಅವನು. ಅವಳು ಸರಿದಳು. ಅವನು ಮಣ್ಣು ಎಳೆಯತೊಡಗಿದ. ಉಳಿದವರು ಕೈ ಹಚ್ಚಲು ಬಂದರೆ ತಲೆ ಎತ್ತದೆ ಬೇಡವೆಂದ. ಅಷ್ಟೂ ಮಣ್ಣನ್ನು ಒಬ್ಬನೇ ತುಂಬಿದ. ಪಾಯ ತುಂಬಿ ರೂಢಿಯಿದ್ದ ಕೈ. ಅಂಚು ನೆಟ್ಟಗೆ ಬಂತು. ಪಾಸ್ಟರ್ ದೂರ ನಿಂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಎಲ್ಲರೂ ಟೆಂಪೊ ಹತ್ತಿದರು. ಸೋನಿಬಾಯಿ ಶಿವವ್ವನನ್ನು ನೋಡಲಿಲ್ಲ, ಆದರೆ ಪಕ್ಕದಲ್ಲಿ ಕೂರಲು ಜಾಗ ಬಿಟ್ಟಿದ್ದಳು. ಶಿವವ್ವನಿಗೆ ಹತ್ತಲು ಧೈರ್ಯವಾಗಲಿಲ್ಲ. ಹೊಳೆಪ್ಪ ಬಂದಿರಲಿಲ್ಲ. ಬಾಳು ಒಮ್ಮೆ ಹಾರ್ನು ಹೊಡೆದು, “ಅಕ್ಕಾ, ಅವ್ರನ್ನ ಕರೀರಿ, ಮುಂದ ಟ್ರಾಫಿಕ್ ಹತ್ತತೈತಿ,” ಎಂದ.

ಅವಳು ಗೇಟಿನವರೆಗೆ ಹೋಗಿ ನಿಂತಳು. ಹೊಳೆಪ್ಪ ಹೊಸ ಮಣ್ಣಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸಲಿಕೆ ಮಡಿಲಲ್ಲಿತ್ತು. ಬೆನ್ನು ಈ ಕಡೆಗಿತ್ತು. ಮೊದಲು ಅಳುತ್ತಿದ್ದಾನೆ ಅಂದುಕೊಂಡಳು. ಅಲ್ಲ, ಮಾತಾಡುತ್ತಿದ್ದ. ಕೈ ಆಡಿಸಿ, ಒಮ್ಮೊಮ್ಮೆ ತಡೆದು, ಮತ್ತೆ ಶುರುಮಾಡಿ, ಹತ್ತಿರ ಕೂತವನೊಬ್ಬನಿಗೆ ಹೇಳುವಂತೆ ಹೇಳುತ್ತಿದ್ದ.

“…ಗೌರವ್ವ ಕಡೀ ದಿನ ನಿನ್ನ ಕೇಳಿದ್ಳೋ ಖೇಮ್ಯಾ. ಖೇಮಪ್ಪ ಬರಲಿಲ್ಲೇನು ಅಂದ್ಳು. ಕೆಲಸಕ್ಕ ಹೋಗ್ಯಾನ ಅಂದೆ ನಾ. ನೀ ಬಾಗಿಲ ಹೊರಗ ನಿಂತಿದ್ದಿ, ನಿನ್ನ ಕಾಲು ಕಾಣತಿದ್ವು ನನಗ. ಕೆಲಸಕ್ಕ ಹೋಗ್ಯಾನ ಅಂದೆ. ಆಮ್ಯಾಲ ಆಕಿ ಏನಂದ್ಳು ಗೊತ್ತೈತ್ಯೇನು…”

ರಸ್ತೆಯಿಂದ ಬಾಳುವಿನ ಹಾರ್ನು ಮತ್ತೊಮ್ಮೆ ಕೇಳಿತು. ಹೊಳೆಪ್ಪ ಹಿಂತಿರುಗಿ ನೋಡಲಿಲ್ಲ. ಮಾತಿನ ನಡುವೆ ಬಂದವರನ್ನು ತಡಿ ಎನ್ನುವಂತೆ ಒಂದು ಕೈ ಎತ್ತಿದ, ಮಣ್ಣಿನ ಕಡೆಗೆ ಇನ್ನಷ್ಟು ಬಗ್ಗಿದ.